ಸಿಂಗಳೀಕಕ್ಕೆ ಸಿಕ್ಕ ಹೆಸರು, ಮರಕ್ಕೆ ಸಿಗದ ಲೆಕ್ಕ

ಹೊನ್ನಾವರದಿಂದ ಬೆಂಗಳೂರಿನ ಕಡೆಗೆ ಹೊರಟ ಹೆದ್ದಾರಿ ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ಮಾವಿನಗುಂಡಿ ಸೇರುವ ಮೊದಲು ದಟ್ಟವಾದ ಕಾಡೊಂದನ್ನು ಹಾದುಹೋಗುತ್ತದೆ. ಸಿದ್ದಾಪುರ ತಾಲ್ಲೂಕಿನ ಈ ಕಾಡಿಗೆ ಜನ ಇಟ್ಟ ಹೆಸರು ಕತ್ತಲೆಕಾನು. ಕಾನು ಅಂದರೆ ಮಲೆನಾಡಿನವರಿಗೆ ಬರೀ ಕಾಡಲ್ಲ. ಬಿಸಿಲು ನೆಲ ಮುಟ್ಟದ, ಬೇಸಿಗೆಯಲ್ಲೂ ನೀರು ಬತ್ತದ, ಕೊಡಲಿ ಹಾಕಲು ಹಿಂದಿನವರು ಅಂಜುತ್ತಿದ್ದ ಕಾಡು ಅದು. ಅಳಿವಿನ ಅಂಚಿನಲ್ಲಿರುವ ಎರಡು ಜೀವಗಳು ಇಲ್ಲಿ ಒಟ್ಟಿಗೇ ಬದುಕಿವೆ. ಒಂದು, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇರುವ ಕಪ್ಪು ಕೋತಿ ಸಿಂಗಳೀಕ. ಇನ್ನೊಂದು, ಮಾವು ಗೇರುಗಳ ಕುಟುಂಬಕ್ಕೆ ಸೇರಿದ, ಜೌಗಿನಲ್ಲಿ ಮಾತ್ರ ಬೆಳೆಯುವ ಒಂದು ಮರ. ಸಸ್ಯವಿಜ್ಞಾನಿಗಳು ಅದನ್ನು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎನ್ನುತ್ತಾರೆ. ಊರಿನ ಕಾನಿನ ಹೆಸರನ್ನೇ ಹೊತ್ತಿದ್ದರೂ ಹೆಚ್ಚಿನ ಕನ್ನಡಿಗರು ಈ ಮರದ ಹೆಸರು ಕೇಳಿಲ್ಲ. ಸಿಂಗಳೀಕಕ್ಕೆ ನಾವು ಮಾಡಿದ್ದು ಸರಿಯಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಳಿವಿನ ಅಳತೆಗೋಲು ಹಿಡಿದು ನೋಡಿದರೆ ಈ ಎರಡರಲ್ಲಿ ಹೆಚ್ಚು ಅಪಾಯದಲ್ಲಿರುವುದು ಮರ. ಕೋತಿಗೆ ಕೊಟ್ಟ ಗಮನದ ಸಣ್ಣ ಪಾಲನ್ನೂ ನಾವು ಅದಕ್ಕೆ ಕೊಟ್ಟಿಲ್ಲ. ಕೋತಿಯನ್ನು ಕಾಪಾಡಿದರೆ ಮರ ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಯಿಂದ ಆ ಕೊರತೆ ತುಂಬುವುದಿಲ್ಲ.

ಮೊದಲು ಕೋತಿಯ ಕಥೆ. ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟದ್ದು 1758ರಲ್ಲಿ. ತಮಿಳುನಾಡಿನ ಕಳಕ್ಕಾಡಿನಿಂದ ನಮ್ಮ ಉತ್ತರ ಕನ್ನಡದವರೆಗೆ, ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಇಲ್ಲ. ಕಾಡಿನಲ್ಲಿ ಒಟ್ಟು ಸುಮಾರು 4,000 ಇರಬಹುದು, ಅದರಲ್ಲಿ ಮರಿ ಹಾಕುವ ವಯಸ್ಸಿನವು 2,500ಕ್ಕಿಂತ ಕಡಿಮೆ ಎಂಬುದು ತಜ್ಞರ ಅಂದಾಜು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯ ವಿರುದ್ಧ ದೇಶವೇ ಎದ್ದು ನಿಂತಾಗ ಆ ಚಳವಳಿಯ ಮುಖವಾದದ್ದು ಸಿಂಗಳೀಕ. ಯೋಜನೆ ನಿಂತಿತು, 1984ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮೊದಲು, 1982ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಈ ಒಂದು ಕೋತಿಗಾಗಿಯೇ ವಿಚಾರ ಸಂಕಿರಣ ನಡೆದಿತ್ತು. ಮೈಸೂರಿನಿಂದ ಹಿಡಿದು ಯುರೋಪು, ಅಮೆರಿಕದವರೆಗೆ ಮೃಗಾಲಯಗಳು ಇದನ್ನು ಸಾಕುತ್ತಿವೆ. ಮೈಸೂರಿನ ಮೇವಾ ಸಿಂಗ್, ಎಚ್.ಎನ್. ಕುಮಾರ ಮತ್ತು ಅವರ ಜೊತೆಗಾರರು ಶಿರಸಿ–ಹೊನ್ನಾವರದ ಕಾಡುಗಳಲ್ಲಿ ಹೆಜ್ಜೆ ಹೆಜ್ಜೆಗೂ ಹುಡುಕಿ 30ಕ್ಕೂ ಹೆಚ್ಚು ಗುಂಪುಗಳನ್ನು ಲೆಕ್ಕಕ್ಕೆ ತಂದರು. ಆ ದುಡಿಮೆಯ ಫಲವಾಗಿ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2019ರಲ್ಲಿ ಶರಾವತಿ ಕಣಿವೆಯ ಸುಮಾರು 930 ಚದರ ಕಿಲೋಮೀಟರ್ ಸಿಂಗಳೀಕ ಅಭಯಾರಣ್ಯವಾಯಿತು. ಒಂದು ಕೋತಿಯ ಹೆಸರು ರಾಜ್ಯದ ನಕಾಶೆಯ ಮೇಲೆ ಬಂತು. ಇದು ಹೆಮ್ಮೆಪಡುವಂಥ ಕೆಲಸ.

ಇನ್ನು ಮರದ ಕಥೆ. ಕೋತಿಗೆ ಹೆಸರು ಸಿಕ್ಕು 242 ವರ್ಷ ಕಳೆದ ಮೇಲೆ, 2000ನೇ ಇಸವಿಯಲ್ಲಿ, ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಇಬ್ಬರು ಅರಣ್ಯ ವಿಜ್ಞಾನಿಗಳು ಕತ್ತಲೆಕಾನಿನ ಜೌಗಿನಲ್ಲಿ ಕಂಡ ಮರವನ್ನು ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಅಷ್ಟು ಕಾಲ ಅದು ಕಣ್ಣಿಗೆ ಬೀಳದೆ ಉಳಿದದ್ದು ಯಾಕೆ ಎಂಬುದು ಅದು ಬೆಳೆಯುವ ಜಾಗ ನೋಡಿದರೆ ತಿಳಿಯುತ್ತದೆ. ಈ ಭಾಗದ ಜನ ಇಂಥ ಜಾಗಕ್ಕೆ ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ತಗ್ಗು. ವರ್ಷವಿಡೀ ಹಳ್ಳದ ನೀರು ನಿಧಾನವಾಗಿ ಹರಡಿಕೊಂಡು ಸಾಗುತ್ತದೆ, ಕಾಲಿಟ್ಟರೆ ಕಪ್ಪು ಕೆಸರಿನಲ್ಲಿ ಮೊಣಕಾಲಿನವರೆಗೆ ಇಳಿಯುತ್ತದೆ. ಅಂಥ ಕೆಸರಿನೊಳಗೆ ಗಾಳಿಯಿಲ್ಲ, ಬೇರು ಉಸಿರಾಡಲಾಗದು. ಅದಕ್ಕೇ ಅಲ್ಲಿನ ಜಾಯಿಕಾಯಿ ಬಳಗದ ಮರಗಳು ಬೇರುಗಳನ್ನು ಕೆಸರಿನಿಂದ ಮೇಲಕ್ಕೆತ್ತಿ, ಮಂಡಿ ಮಡಚಿದ ಹಾಗೆ ಬಾಗಿಸಿ, ಮತ್ತೆ ಕೆಸರಿಗೆ ಇಳಿಸುತ್ತವೆ. ಇನ್ನು ಕೆಲವು ಕಾಂಡದ ಮೇಲಿನಿಂದಲೇ ಊರುಗೋಲುಗಳಂಥ ಬೇರು ಬಿಟ್ಟು ನಿಲ್ಲುತ್ತವೆ. ಒಂದು ಜಡ್ಡಿಯಲ್ಲಿ ಇಂಥ ಮಂಡಿಬೇರುಗಳು ನೂರಾರು, ನೆಲವೇ ಗಂಟುಗಂಟಾದಂತೆ ಕಾಣುತ್ತದೆ. ಕತ್ತಲೆಕಾನಿನ ಗೇರುಬಳಗದ ಈ ಮರಕ್ಕೆ ಬೇಕಾದದ್ದು ಇದೇ ಜಾಗ. ಪಕ್ಕದ ಗುಡ್ಡದ ಒಣನೆಲ ಅದಕ್ಕೆ ಆಗುವುದಿಲ್ಲ. ಉತ್ತರ ಕನ್ನಡದ ಬೆರಳೆಣಿಕೆಯ ಜಡ್ಡಿಗಳು, ಕೆಲವೇ ಎಕರೆ ಕೆಸರು, ಅಷ್ಟೇ ಅದರ ಪ್ರಪಂಚ.

ಎರಡನ್ನೂ ಎದುರುಬದುರು ಇಟ್ಟು ನೋಡೋಣ. ಸಿಂಗಳೀಕಗಳ ಸಂಖ್ಯೆ ಸಾವಿರಗಳಲ್ಲಿದೆ, ಈ ಜಾತಿಯ ಬೆಳೆದ ಮರಗಳ ಲೆಕ್ಕ ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಆ ಸಣ್ಣ ಸಂಖ್ಯೆಯೂ ಪೂರ್ತಿ ನಂಬುವಂಥದ್ದಲ್ಲ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರ ಕಾಯಿ ಬಿಡುವುದಿಲ್ಲ, ಹತ್ತಿರ ಗಂಡಿಲ್ಲದ ಹೆಣ್ಣು ಮರ ಹೂ ಬಿಟ್ಟೂ ಪ್ರಯೋಜನವಿಲ್ಲ. ಒಂದು ಜಡ್ಡಿಯಲ್ಲಿ ಗಂಡು ಮರಗಳಷ್ಟೇ ಉಳಿದು, ನಡುವೆ ಅಡಿಕೆ ತೋಟವೋ ರಸ್ತೆಯೋ ಬಂದು, ಹೆಣ್ಣು ಮರಗಳು ಆಚೆಯ ಜಡ್ಡಿಯಲ್ಲಿ ಸಿಕ್ಕಿಕೊಂಡರೆ, ಲೆಕ್ಕದಲ್ಲಿ ಹತ್ತು ಮರ ಇದ್ದರೂ ಮುಂದಿನ ಪೀಳಿಗೆ ಮಟ್ಟಿಗೆ ಒಂದೂ ಇಲ್ಲ. ಸಿಂಗಳೀಕದ ಸಂತಾನವೂ ನಿಧಾನದ್ದೇ. ಹೆಣ್ಣು ಐದಾರು ವರ್ಷ ದಾಟಿದ ಮೇಲೇ ಮೊದಲ ಮರಿ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ವರ್ಷದ ಅಂತರ. ಆದರೆ ಅದಕ್ಕೆ ಕಾಲಿದೆ. ಬೆಳೆದ ಗಂಡು ತಾನು ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪು ಹುಡುಕಿಕೊಂಡು ಹೋಗುತ್ತದೆ. ತಮಿಳುನಾಡಿನ ವಾಲ್ಪಾರೈ ಬಳಿ ಚಹಾ, ಕಾಫಿ ತೋಟಗಳ ನಡುವೆ ಸಿಕ್ಕಿಬಿದ್ದ ಸಿಂಗಳೀಕಗಳು ಕಾಡಿನ ತುಣುಕುಗಳಲ್ಲೇ ಬದುಕುವುದನ್ನು ಕಲಿತಿವೆ. ನೆಲಕ್ಕಿಳಿದು ರಸ್ತೆ ದಾಟುತ್ತವೆ, ಹಲಸು, ಪೇರಲೆ ತಿನ್ನುತ್ತವೆ, ಮನೆಯಂಗಳಕ್ಕೂ ಬರುತ್ತವೆ. ಅವುಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆಗಳನ್ನು ಕಟ್ಟಲಾಗಿದೆ. ಆ ಬದುಕು ಒಳ್ಳೆಯದೆಂದು ಹೇಳುತ್ತಿಲ್ಲ, ವಾಹನಕ್ಕೆ ಸಿಕ್ಕಿ ಸತ್ತವೂ ಇವೆ. ಆದರೂ ಕಷ್ಟ ಬಂದಾಗ ಕೋತಿಗೆ ದಾರಿ ಬದಲಿಸಲು ಆಗುತ್ತದೆ. ಮರಕ್ಕೆ ಅದು ನಿಂತ ಕೆಸರೇ ಗತಿ.

ಮರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೋತಿಗಳು ಕಡಿಮೆಯಾದರೆ ಕೆಲವೇ ವರ್ಷಗಳಲ್ಲಿ ಅದು ಗೊತ್ತಾಗುತ್ತದೆ. ಮರವಾದರೋ ಬೀಜ ಮೊಳೆಯುವುದು ನಿಂತು ದಶಕಗಳು ಕಳೆದರೂ ಹಸಿರಾಗಿಯೇ ನಿಂತಿರುತ್ತದೆ. ಅಮೆರಿಕದ ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಜೆನ್, ಮಧ್ಯ ಅಮೆರಿಕದ ಹುಲ್ಲುಗಾವಲುಗಳಲ್ಲಿ ಒಂಟಿಯಾಗಿ ಉಳಿದ ಇಂಥ ಮರಗಳನ್ನು ಜೀವಂತ ಶವಗಳೆಂದೇ ಕರೆದರು. ನಮ್ಮ ಜಡ್ಡಿಯಲ್ಲೂ ಹಾಗೆಯೇ. ದೊಡ್ಡ ಮರಗಳು ಇವೆಯಲ್ಲ ಎಂದು ಸಮಾಧಾನಪಡುವ ಬದಲು ಅವುಗಳ ಬುಡದಲ್ಲಿ ಸಸಿಗಳಿವೆಯೇ, ಆ ಸಸಿಗಳು ಎದೆಯೆತ್ತರಕ್ಕೆ ಬರುತ್ತಿವೆಯೇ ಎಂದು ಬಗ್ಗಿ ನೋಡಬೇಕು. ಕೋತಿ ಎಣಿಸುವವರು ಮರಿಗಳೆಷ್ಟು, ಪ್ರಾಯಕ್ಕೆ ಬಂದವೆಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳುವುದೂ ಇದೇ ಕಾರಣಕ್ಕೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಮತ್ತು ಬಲವಾದದ್ದು, ಸಿಂಗಳೀಕ ಕೊಡೆಯಿದ್ದಂತೆ ಎಂಬುದು. ಅದಕ್ಕೆ ಬೇಕಾದಷ್ಟು ದೊಡ್ಡ ಕಾಡನ್ನು ಉಳಿಸಿದರೆ ಅದರಡಿಯ ಮರ, ಕಪ್ಪೆ, ಕೀಟ ಎಲ್ಲವೂ ಉಳಿಯುತ್ತವೆ, ಪ್ರತಿ ಮರಕ್ಕೂ ಬೇರೆ ಯೋಜನೆ ಯಾಕೆ ಎಂಬ ವಾದ. ಇದರಲ್ಲಿ ಸತ್ಯವಿದೆ. ಮೀಸಲು ಪ್ರದೇಶ ಆಗದಿದ್ದರೆ ಈಗಿರುವ ಜಡ್ಡಿಗಳಲ್ಲಿ ಕೆಲವು ಉಳಿಯುತ್ತಿರಲಿಲ್ಲವೇನೋ. ಆದರೆ ಕೋತಿ ಒಂದೇ ಮರಕ್ಕೆ ಕಟ್ಟುಬಿದ್ದ ಜೀವವಲ್ಲ. 1970ರ ದಶಕದಲ್ಲಿ ತಮಿಳುನಾಡಿನ ಆಶಂಬು ಬೆಟ್ಟಗಳಲ್ಲಿ ಇದನ್ನು ಅಧ್ಯಯನ ಮಾಡಿದ ಸ್ಟೀವನ್ ಗ್ರೀನ್ ಮತ್ತು ಕರೆನ್ ಮಿಂಕೋವ್‌ಸ್ಕಿ, ಕಲ್ಲೇನಿಯ ಎಂಬ ಮರದ ಹೂ ಕಾಯಿಗಳು ಸಿಂಗಳೀಕಕ್ಕೆ ಎಷ್ಟು ಮುಖ್ಯ ಎಂದು ತೋರಿಸಿದರು. ಶಿರಸಿ–ಹೊನ್ನಾವರದ ಕಾಡಿನಲ್ಲಿ ಆ ಮರವಿಲ್ಲ. ಆದರೂ ಸಿಂಗಳೀಕ ಇದೆ, ಉಪ್ಪಾಗೆ, ಅತ್ತಿ, ಬೈನೆ, ರಾಮಪತ್ರೆ, ಜೊತೆಗೆ ಕೀಟಗಳನ್ನು ತಿಂದು ಚೆನ್ನಾಗಿಯೇ ಇದೆ. ಹಾಗೆಂದರೆ ಕಾಡಿನಿಂದ ಒಂದು ಜಾತಿಯ ಮರ ಮರೆಯಾದರೂ ಕೋತಿಗಳ ಸಂಖ್ಯೆ ಕುಗ್ಗದೆ ಇರಬಹುದು. ಕೋತಿಯ ಗಣತಿ ಸರಿಯಾಗಿದೆ ಎಂಬ ವರದಿ ಮರದ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನೂ ಮುಖ್ಯವಾದದ್ದು, ಎರಡಕ್ಕೂ ಬರುವ ಕುತ್ತು ಬೇರೆ ಬೇರೆ. ಸಿಂಗಳೀಕಕ್ಕೆ ಕಾಡಿನ ಮೇಲ್ಛಾವಣಿ ತುಂಡಾಗಬಾರದು, ಬೇಟೆ ನಡೆಯಬಾರದು. ಜಡ್ಡಿಯ ಮರಕ್ಕೆ ನೀರು ಕಡಿಯಬಾರದು. ಮೇಲಿನ ಒರತೆಗೆ ಪೈಪು ಹಾಕಿ ನೀರನ್ನು ತೋಟಕ್ಕೆ ತಿರುಗಿಸಿದರೆ, ಹಳ್ಳಕ್ಕೆ ಅಡ್ಡವಾಗಿ ರಸ್ತೆ ಎತ್ತರಿಸಿ ಮೋರಿ ಕಿರಿದಾಗಿ ಇಟ್ಟರೆ, ಗುಡ್ಡ ಅಗೆದ ಮಣ್ಣು ಮಳೆಯಲ್ಲಿ ಹರಿದು ಬಂದು ಕೆಸರನ್ನು ಮುಚ್ಚಿದರೆ ಜಡ್ಡಿ ಸಾಯುತ್ತದೆ. ಇದಕ್ಕೆ ಒಂದು ಮರವನ್ನೂ ಕಡಿಯಬೇಕಿಲ್ಲ, ಮೇಲೆ ಕೋತಿ ಓಡಾಡುವ ಕೊಂಬೆ ಹಾಗೇ ಇರುತ್ತದೆ. ಕೋತಿಗೆಂದು ಹಿಡಿದ ಕೊಡೆ ಈ ಹೊಡೆತವನ್ನು ತಡೆಯಲಾರದು.

ಕಾನೂನು ನೋಡಿದರೂ ಇದೇ ಅಂತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಿಂಗಳೀಕ ಮೊದಲ ಅನುಸೂಚಿಯಲ್ಲಿದೆ, ಹುಲಿ ಆನೆಗಳಷ್ಟೇ ರಕ್ಷಣೆ ಅದಕ್ಕೂ. ಅದೇ ಕಾಯ್ದೆಗೆ ಸಸ್ಯಗಳು ಬಂದದ್ದು 1991ರ ತಿದ್ದುಪಡಿಯಲ್ಲಿ, ಆಗ ಸೇರಿದ ಸಸ್ಯಗಳ ಬಾಬತ್ತು ಕೇವಲ ಆರು. ಆರ್ಕಿಡ್‌ಗಳು, ಹೂಜಿಗಿಡ, ಒಂದು ಸೈಕಾಸ್ ಇತ್ಯಾದಿ. ಮಳೆಕಾಡಿನ ದೊಡ್ಡ ಮರ ಒಂದೂ ಆ ಪಟ್ಟಿಯಲ್ಲಿರಲಿಲ್ಲ. ಮರಗಳಿಗೆ ಬೇರೆ ಕಾನೂನುಗಳಿವೆ, ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯೇ ಇದೆ ಎನ್ನಬಹುದು. ಆದರೆ ಅವೆಲ್ಲ ಕಡಿಯುವುದಕ್ಕೆ ಅನುಮತಿ ಬೇಕೇ ಬೇಡವೇ ಎಂಬುದನ್ನು ನೋಡುತ್ತವೆ. ಒಂದು ಜಾತಿ ಉಳಿಯುತ್ತದೆಯೇ ಎಂಬುದು ಅವುಗಳ ಪ್ರಶ್ನೆಯಲ್ಲ. ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಬಂದಾಗಲೂ ಇದೇ ಕಂಡಿತು. ಸಿಂಗಳೀಕದ ಹೆಸರು ಹಿಡಿದು ಜನ ಮಾತಾಡಿದರು, ಮಾತಾಡಲೇಬೇಕಿತ್ತು. ಮರಗಳು ಮಾತ್ರ ಇಷ್ಟು ಸಾವಿರ ಎಂಬ ಒಟ್ಟು ಮೊತ್ತವಾಗಿ ಚರ್ಚೆಗೆ ಬಂದವು. ಆ ಸಾವಿರಗಳಲ್ಲಿ ಯಾವುದು ಎಲ್ಲೆಲ್ಲೂ ಸಿಗುವ ಮತ್ತಿ, ಯಾವುದು ಜಗತ್ತಿನಲ್ಲಿ ಇಲ್ಲಿ ಮಾತ್ರ ಉಳಿದದ್ದು ಎಂಬುದು ಆ ಮೊತ್ತದೊಳಗೆ ಕರಗಿಹೋಗುತ್ತದೆ. ಸಾವಿರಾರು ಪ್ರಾಣಿಗಳಿಗೆ ತೊಂದರೆ ಎಂದು ಬರೆದು, ಅವು ಇಲಿಯೋ ಸಿಂಗಳೀಕವೋ ಹೇಳದ ವರದಿಯನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಮರದ ವಿಷಯಕ್ಕೆ ಅಂಥ ವರದಿ ಒಪ್ಪಿಗೆಯಾಗುತ್ತದೆ.

ಎರಡನೆಯ ಆಕ್ಷೇಪ, ಮರವನ್ನು ಬೇಕೆಂದಾಗ ನೆಡಬಹುದಲ್ಲ, ಕೋತಿಯನ್ನು ಹಾಗೆ ತಯಾರಿಸಲಾಗುತ್ತದೆಯೇ ಎಂಬುದು. ಮೇಲ್ನೋಟಕ್ಕೆ ಸರಿ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಜ್ಞಾನಿಗಳು ಈ ಮರದ ಹೂ, ಕಾಯಿ, ಮೊಳಕೆಗಳನ್ನು ಬಹಳ ಹಿಂದೆಯೇ ಅಧ್ಯಯನ ಮಾಡಿದ್ದಾರೆ, ಅದನ್ನು ಉಳಿಸುವ ದಾರಿ ಹುಡುಕಿದ್ದಾರೆ. ಅವರ ಕೆಲಸವೇ ಹೇಳುವಂತೆ ಇದು ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟಷ್ಟು ಸುಲಭವಲ್ಲ. ರಾಮಪತ್ರೆ ಬಳಗದಂಥ ಮಳೆಕಾಡಿನ ಮರಗಳ ಬೀಜವನ್ನು ಭತ್ತದ ಬೀಜದ ಹಾಗೆ ಒಣಗಿಸಿ ಕಣಜದಲ್ಲಿಡಲು ಬರುವುದಿಲ್ಲ. ಒಣಗಿದರೆ ಸಾಯುತ್ತದೆ, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಬೀಜ ಸಿಕ್ಕಿತು, ಸಸಿ ಎದ್ದಿತು ಎನ್ನಿ, ನೆಡುವುದು ಎಲ್ಲಿ? ಜಡ್ಡಿಯನ್ನು ನರ್ಸರಿಯಲ್ಲಿ ಬೆಳೆಸಲು ಬರುವುದಿಲ್ಲ. ನೂರಾರು ವರ್ಷ ನೀರು ಹರಿದು, ಎಲೆ ಕೊಳೆತು, ಬೇರು ಹಿಡಿದು ಆದ ನೆಲ ಅದು. ಮೃಗಾಲಯದಲ್ಲಿ ಸಿಂಗಳೀಕ ಮರಿ ಹಾಕಿತು ಅಂದ ಮಾತ್ರಕ್ಕೆ ಕಾಡಿನ ಸಿಂಗಳೀಕ ಉಳಿಯಿತು ಎಂದು ಯಾರೂ ಹೇಳುವುದಿಲ್ಲ. ನರ್ಸರಿಯ ಸಸಿಗೂ ಅದೇ ಮಾತು ಅನ್ವಯ.

ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು. ಕೋತಿಗೆ ಮುಖವಿದೆ, ನೋವಿದೆ, ಮರಿಯನ್ನು ಎದೆಗವಚಿಕೊಂಡ ತಾಯಿ ನಮ್ಮನ್ನು ನಾಟುವಂತೆ ಮರ ನಾಟುವುದಿಲ್ಲ. ಇದು ಸುಳ್ಳಲ್ಲ. 1999ರಲ್ಲಿ ಜೇಮ್ಸ್ ವಾಂಡರ್ಸೀ ಮತ್ತು ಎಲಿಸಬೆತ್ ಶುಸ್ಲರ್ ಎಂಬ ಶಿಕ್ಷಣ ತಜ್ಞರು ಸುತ್ತಲಿನ ಸಸ್ಯಗಳನ್ನು ಗಮನಿಸದೆ ಹೋಗುವ ಮನುಷ್ಯರ ಸ್ವಭಾವಕ್ಕೆ ಸಸ್ಯಗುರುಡು ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಆದರೆ ಇದನ್ನು ಹುಟ್ಟುಗುಣ ಎಂದು ಒಪ್ಪಿಕೊಳ್ಳಲು ಕರ್ನಾಟಕದಲ್ಲಿ ಕಾರಣವಿಲ್ಲ. ಅಶ್ವತ್ಥಕ್ಕೆ ಕಟ್ಟೆ ಕಟ್ಟಿ ಸುತ್ತು ಬಂದವರು ನಾವು. ಬನ, ನಾಗಬನ, ದೇವರಕಾಡು ಎಂದು ಮರಗಳ ಗುಂಪಿಗೇ ಹೆಸರಿಟ್ಟವರು ನಾವು. ಹೊನ್ನಾವರದ ಕರಿಕಾನಿನಲ್ಲಿ ದೇವಿಯ ಗುಡಿಯ ಸುತ್ತ ಕಾಡು ಉಳಿದದ್ದು ಯಾವ ಪ್ರಾಣಿಯ ಹೆಸರಿನಿಂದಲೂ ಅಲ್ಲ. 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹಳೆಯ ಹುಣಸೆಮರಗಳಿಗಾಗಿ ಸರ್ಕಾರ ಅದನ್ನು ಮಾಡಲು ಸಾಧ್ಯವಾದರೆ, ಜಗತ್ತಿನ ಬೇರೆಲ್ಲೂ ಇಲ್ಲದ ಮರಕ್ಕಾಗಿ ಯಾಕೆ ಸಾಧ್ಯವಿಲ್ಲ?

ಉಳಿದ ಆಕ್ಷೇಪ ಕೃಷಿಕರದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕೋತಿ, ಕಾಟಿ, ಹಂದಿಗಳ ಕಾಟದ ಮೇಲೆ ಈಗ ಜಡ್ಡಿಯ ಹೆಸರಿನಲ್ಲಿ ನೀರಿಗೂ ತಡೆಯೇ ಎಂದು ತೋಟದವರು ಕೇಳಿದರೆ ಅದು ನ್ಯಾಯ. ಆದರೆ ಕತ್ತಲೆಕಾನಿನಂಥ ಕಾಡುಗಳು ಇಷ್ಟು ದಿನ ಉಳಿದಿರುವುದಕ್ಕೆ ಕಾನುಗಳನ್ನು ನೀರಿನ ತಾಯಿಬೇರೆಂದು ತಿಳಿದು ಕಾದುಕೊಂಡ ಇದೇ ರೈತರ ಹಿರಿಯರು ಕಾರಣ ಎಂದು ಈ ಕಾಡುಗಳಲ್ಲಿ ದಶಕಗಳ ಕಾಲ ದುಡಿದ ಎಂ.ಡಿ. ಸುಭಾಷ್ ಚಂದ್ರನ್ ಬರೆದಿದ್ದಾರೆ. ಬ್ರಿಟಿಷರ ಆಡಳಿತ ಕಾನುಗಳನ್ನು ಊರಿನ ಕೈಯಿಂದ ಕಿತ್ತುಕೊಂಡ ಮೇಲೆ ಆ ಕಟ್ಟು ಸಡಿಲವಾಯಿತು. ಚಂದ್ರನ್ ಅವರೂ ಜೊತೆಗಾರರೂ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇರಳದ ತೆಂಕಣ ಘಟ್ಟದಲ್ಲಷ್ಟೇ ಇವೆ ಎಂದುಕೊಂಡಿದ್ದ ಎರಡು ಅತಿ ಅಪರೂಪದ ಮರಗಳು, ಒಂದು ಹಿಪ್ಪೆಯ ಬಳಗದ್ದು, ಇನ್ನೊಂದು ನೇರಳೆಯ ಬಳಗದ್ದು, ಅಲ್ಲಿಂದ ಸುಮಾರು 700 ಕಿಲೋಮೀಟರ್ ಉತ್ತರಕ್ಕೆ, ಉತ್ತರ ಕನ್ನಡದ ಇಂಥ ಹಳೆಯ ಕಾಡಿನ ತುಣುಕುಗಳಲ್ಲಿ ಸಿಕ್ಕವು. ಜಡ್ಡಿ ಉಳಿದರೆ ಕೆಳಗಿನ ತೋಟಕ್ಕೆ ಏಪ್ರಿಲ್ ಮೇ ತಿಂಗಳಲ್ಲೂ ನೀರು, ಇದನ್ನು ತೋಟದವರಿಗೆ ಯಾರೂ ಕಲಿಸಬೇಕಿಲ್ಲ. ಬೇಲಿ ಹಾಕಿ ಅವರಿಂದ ಕಸಿದುಕೊಳ್ಳುವ ಬದಲು, ಜಡ್ಡಿ ಕಾಯ್ದವರಿಗೆ ಅದರ ಲಾಭ ಸೇರುವಂತೆ ಮಾಡಬೇಕು. 2011ರಲ್ಲಿ ಅಘನಾಶಿನಿಯನ್ನು ಅಭಯಾರಣ್ಯ ಮಾಡದೆ ಸಂರಕ್ಷಣಾ ಮೀಸಲು ಮಾಡಿದ್ದೂ ಜನರ ಹಕ್ಕು ಹಾಗೇ ಇರಲಿ ಎಂದೇ.

ಉಪ್ಪಾಗೆ ಈ ಎಳೆದಾಟವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮಳೆಗಾಲದಲ್ಲಿ ಹಳದಿಯಾಗಿ ಹಣ್ಣಾಗುವ, ಪುಟ್ಟ ಕುಂಬಳಕಾಯಿಯ ಹಾಗೆ ಏಣೇಣಾದ ಕಾಯಿ ಅದು. ಸಿಂಗಳೀಕ ಅದನ್ನು ಕೈಯಲ್ಲಿ ಹಿಡಿದು, ಹುಳಿ ಸಿಪ್ಪೆಯನ್ನು ಸೀಳಿ, ಒಳಗಿನ ಸಿಹಿ ತಿರುಳು ಮೆತ್ತಿದ ಬೀಜಗಳನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತದೆ. ಇನ್ನೊಂದು ಮರಕ್ಕೆ ಹೋಗಿ ಕೂತು, ತಿರುಳು ಚೀಪಿ, ಬೀಜ ಉಗುಳುತ್ತದೆ. ಹೀಗೆ ಬೀಜ ತಾಯಿಮರದಿಂದ ದೂರ ಹೋಗುತ್ತದೆ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ವಿದೇಶದಲ್ಲಿ ಬೇಡಿಕೆ ಬಂದು ಬೆಲೆ ಏರಿದಾಗ, ಕೋತಿಗಿಂತ ಮೊದಲು ಜನ ಮರ ಹತ್ತಿದರು, ಹಣ್ಣಾಗುವ ಮೊದಲೇ ಕಾಯಿ ಕಿತ್ತರು. ಸಿಪ್ಪೆ ಒಣಗಿಸುವ ಒಲೆಗಳಿಗೆ ರಾಶಿ ರಾಶಿ ಸೌದೆ ಸುಟ್ಟಿತು. ಕೋತಿಯ ಊಟ ಹೋಯಿತು, ಮರದ ಬೀಜ ಹೋಯಿತು, ಜೊತೆಗೆ ಬೇರೆ ಮರಗಳೂ ಹೋದವು. ಕೋತಿ ಮರವನ್ನು ಬಿತ್ತುತ್ತದೆ, ಮರ ಕೋತಿಯನ್ನು ಸಾಕುತ್ತದೆ ಎಂಬುದು ನಿಜ. ಆದರೆ ಆ ವ್ಯವಹಾರದಲ್ಲಿ ಒಂದರ ಖಾತೆಯನ್ನು ಮಾತ್ರ ಬರೆದಿಟ್ಟರೆ ಇನ್ನೊಂದು ಯಾವಾಗ ಖಾಲಿಯಾಯಿತು ಎಂಬುದು ಗೊತ್ತಾಗುವುದಿಲ್ಲ.

ಇದು ಉತ್ತರ ಕನ್ನಡದ ಒಂದು ಮರದ ಪಾಡು ಮಾತ್ರ ಅಲ್ಲ. 2024ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಹೊರತಂದ ಲೆಕ್ಕದ ಪ್ರಕಾರ ಪರಿಶೀಲಿಸಿದ 47,282 ಜಾತಿಯ ಮರಗಳಲ್ಲಿ 16,425 ಜಾತಿಗಳು ಅಳಿವಿನ ಅಪಾಯದಲ್ಲಿವೆ. ಅಪಾಯದಲ್ಲಿರುವ ಹಕ್ಕಿ, ಸಸ್ತನಿ, ಸರೀಸೃಪ, ಉಭಯಚರಗಳನ್ನೆಲ್ಲ ಕೂಡಿಸಿದರೂ ಇದರ ಅರ್ಧದಷ್ಟಾಗುವುದಿಲ್ಲ.

ಆಗಬೇಕಾದ ಕೆಲಸ ದೊಡ್ಡದಲ್ಲ. ಕತ್ತಲೆಕಾನಿನಿಂದ ಹಿಡಿದು ಅಘನಾಶಿನಿ, ಶರಾವತಿ ಕಣಿವೆಗಳ ಪ್ರತಿ ಜಡ್ಡಿಯ ನಕಾಶೆ ಆಗಬೇಕು. ಪ್ರತಿ ಮರಕ್ಕೆ ನಂಬರು, ಗಂಡೋ ಹೆಣ್ಣೋ ಎಂಬ ದಾಖಲೆ, ಬುಡದ ಸಸಿಗಳ ಲೆಕ್ಕ ಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಜಡ್ಡಿಗಳನ್ನು ಪಾರಂಪರಿಕ ತಾಣವೆಂದು ಘೋಷಿಸಲು ರಾಜ್ಯಕ್ಕೆ ಅಧಿಕಾರವಿದೆ, ಅದನ್ನು ಬಳಸಬೇಕು. ಯಾವುದೇ ಯೋಜನೆಯ ವರದಿಯಲ್ಲಿ ಮರಗಳ ಒಟ್ಟು ಮೊತ್ತದ ಬದಲು ಜಾತಿವಾರು ಪಟ್ಟಿ ಕೇಳಬೇಕು. ಹುಲಿ, ಆನೆಗಳ ಗಣತಿಗೆ ಹೆಸರು ಕೊಡಲು ಉತ್ಸಾಹದಿಂದ ಮುಂದೆ ಬರುವ ಯುವಕ ಯುವತಿಯರು ರಾಜ್ಯದಲ್ಲಿ ಸಾವಿರಾರು ಇದ್ದಾರೆ. ಅರಣ್ಯ ಇಲಾಖೆ ಸಿಂಗಳೀಕದ ಮುಂದಿನ ಗಣತಿಗೆ ಹೊರಡುವಾಗ ಅವರ ಕೈಗೆ ಇನ್ನೊಂದು ನಮೂನೆ ಕೊಡಲಿ, ಅದರಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್‌ಗೂ ಒಂದು ಸಾಲು ಇರಲಿ.